ಚಕ್ರದ ನಡುವಿನ ನಿಂಬೆಹಣ್ಣು

ಮೂರನೆಯ ಸಲ ನೋಡಿದಾಗಲೂ ತಲೆ ಹಿಂದಕ್ಕೇ ಹೋಯಿತು.

ಫೋನಿನ ಗಾಜಿನೊಳಗೆ ಹನ್ನೊಂದು ವರ್ಷದ ಪ್ರಕೃತಿ ಬ್ಯಾಟು ಹಿಡಿದು ನಿಂತಿದ್ದಳು. ಚೆಂಡು ಎಸೆಯುವವರ ಕೈಯಲ್ಲೇ ಇತ್ತು. ಅಷ್ಟರಲ್ಲಿ ಅವಳ ತಲೆ, ಯಾರೋ ಹಿಂದಿನಿಂದ ಜಡೆ ಹಿಡಿದು ಎಳೆದ ಹಾಗೆ, ಬಲಕ್ಕೆ ಓರೆಯಾಗಿ ಹಿಂದೆ ಸರಿಯಿತು, ರೆಪ್ಪೆ ಮುಚ್ಚಿತು. ಆಮೇಲೆ ಚೆಂಡು ಬಂತು. ಹೊಡೆದಳು. ಹೊಡೆತವೇನೋ ಚೆನ್ನಾಗಿಯೇ ಇತ್ತು.

ತಲೆ ಸರಿದದ್ದು ಎರಡು ಬೆರಳಿನಷ್ಟು. ಸೇತುರಾಮನ ಕಣ್ಣಿಗೆ ಎರಡು ಮೈಲಿಯಷ್ಟು ಕಂಡಿತು.

ವಿಡಿಯೋದ ಕೆಳಗೆ ಚೈತನ್ಯಳ ಮೆಸೇಜು: 'ಸಾರ್, ಸ್ಲೋ ಮಾಡಿ ನೋಡಿ. ಇನ್ನೂ ಇಪ್ಪತ್ತೊಂಬತ್ತು ಮಕ್ಕಳದ್ದು ಕಳಿಸಿದೀನಿ. ಎಲ್ಲರದ್ದೂ ಹೀಗೇ. ಬೆಳಿಗ್ಗೆ ಮಾತಾಡೋಣ.'

ಚೈತನ್ಯ ಅವನ ಕೈಕೆಳಗಿನ ಕೋಚ್. ಓದಿ ಸರ್ಟಿಫಿಕೇಟು ತಂದ ಹುಡುಗಿ. ಮೈದಾನಕ್ಕೆ ಬ್ಯಾಟಿಗಿಂತ ಮೊದಲು ಲ್ಯಾಪ್‌ಟಾಪು ತರುವವಳು. ಹುಟ್ಟಿದ ಮೇಲೆ ಒಂದು ಮ್ಯಾಚೂ ಆಡಿದವಳಲ್ಲ. ಸೇತುರಾಮನೋ ಹನ್ನೊಂದು ರಣಜಿ ಪಂದ್ಯ ಆಡಿದವನು. ಹನ್ನೊಂದೇ. ಆದರೆ ಒಂದು ಭರಣಿ ಉಪ್ಪಿನಕಾಯಿಯನ್ನು ಇಡೀ ಛತ್ರಕ್ಕೆ ಬಡಿಸಿದ ಹಾಗೆ, ಆ ಹನ್ನೊಂದನ್ನು ಅವನು ಇಪ್ಪತ್ತೈದು ವರ್ಷ ಬಡಿಸುತ್ತ ಬಂದಿದ್ದ.

ಉಳಿದ ಇಪ್ಪತ್ತೊಂಬತ್ತನ್ನು ತೆರೆಯಲಿಲ್ಲ. ತೆರೆಯದಿದ್ದರೆ ಅವು ಇರುವುದೇ ಇಲ್ಲ ಎಂಬಂತೆ ಫೋನನ್ನು ದಿಂಬಿನ ಕೆಳಗೆ ತುರುಕಿ, ಮಡಿಸಿದ ಛತ್ರಿ ಹಿಡಿದು ಬೀರುವಿನ ಕನ್ನಡಿಯ ಮುಂದೆ ನಿಂತ. ಎಡಭುಜ ಮುಂದೆ, ಗಲ್ಲ ಭುಜದ ಮೇಲೆ. ಇಲ್ಲದ ಬೌಲರು ಓಡಿ ಬಂದ. ಇಲ್ಲದ ಚೆಂಡು ಬಿಟ್ಟ. ಸೇತುರಾಮ ಛತ್ರಿ ಎತ್ತಿದ.

ಕಣ್ಣು ಬಿಟ್ಟಾಗ ಕನ್ನಡಿಯೊಳಗಿನ ತಲೆ ಅವನು ಇಟ್ಟ ಜಾಗದಲ್ಲಿರಲಿಲ್ಲ.

ಕಣ್ಣು ಯಾವಾಗ ಮುಚ್ಚಿದ್ದೆ ಎಂಬುದೇ ಅವನಿಗೆ ತಿಳಿಯಲಿಲ್ಲ.

"ಬೀರು ಬೌಲಿಂಗ್ ಮಾಡ್ತಾ ಇದ್ಯಾ?" ಬಾಗಿಲಲ್ಲಿ ಅನ್ನಪೂರ್ಣ. ಕೈಗೆ ಕಡಲೆಬೇಳೆಯ ಹೂರಣ ಮೆತ್ತಿತ್ತು.

"ಏನಿಲ್ಲ. ಭುಜ ಹಿಡ್ಕೊಂಡಿತ್ತು."

"ಅಕಾಡೆಮಿ ಬೈರಣ್ಣ ಫೋನ್ ಮಾಡಿದ್ರು. ಈ ವರ್ಷ ಮೊದಲ್ನೇ ಬಾಲು ನೀವೇ ಆಡ್ತೀರಂತೆ. ಊರಿಗೆಲ್ಲ ಹೇಳಿದಾರಂತೆ. ನನ್ನೂ ಕರೆದ್ರು."

"ಬರ್ತೀಯಾ?"

"ನಾನು ಬಂದ್ರೆ ಒಬ್ಬಟ್ಟು ಯಾರು ತಟ್ಟೋದು?" ಎರಡು ಹೆಜ್ಜೆ ಹೋದವಳು ಮತ್ತೆ ತಿರುಗಿದಳು. "ಅಲ್ಲಾರೀ, ಇವತ್ತು ಯಾವ ಮಂಡಿ ನೋವು ಅಂತ ಹೇಳಿ ಹೋಗಿ. ಅವರು ಮತ್ತೆ ಫೋನ್ ಮಾಡಿದ್ರೆ ಇಬ್ಬರೂ ಒಂದೇ ಹೇಳ್ಬೇಕಲ್ಲ."

ಅವಳ ಮುಖ ನೋಡಿದ. ಅದು ನಗೆಯೋ, ಬರಿಯ ಒಲೆಯ ಕಾವೋ ಗೊತ್ತಾಗಲಿಲ್ಲ. ಇಪ್ಪತ್ತನಾಲ್ಕು ವರ್ಷ ಜೊತೆಗೆ ಉಂಡ ಹೆಂಗಸು. ಅವಳಿಗೆ ಗೊತ್ತೋ ಇಲ್ಲವೋ ಎಂದು ಅವನು ಇಪ್ಪತ್ತನಾಲ್ಕು ವರ್ಷದಿಂದಲೂ ಕೇಳಿರಲಿಲ್ಲ.

ಹಾಲಿನ ಗೋಡೆಯ ಮೇಲೆ ಫೋಟೋ ಇತ್ತು. ಎಡಗಿವಿಗೆ ಬಟ್ಟೆ ಕಟ್ಟಿಕೊಂಡ ಇಪ್ಪತ್ತಾರರ ತರುಣ, ಕೈಯಲ್ಲಿ ಬ್ಯಾಟು. ಹನ್ನೊಂದನೆಯ ಪಂದ್ಯ. ಚೆಂಡು ಬಡಿದು, ಆರು ಹೊಲಿಗೆ ಹಾಕಿಸಿಕೊಂಡು ಮತ್ತೆ ಬಂದು ಅರವತ್ತೊಂದು ಹೊಡೆದ. ಮನೆಗೆ ಬಂದವರಿಗೆಲ್ಲ ಈ ಕಥೆ ಕಾಫಿಗಿಂತ ಮೊದಲು ಸಿಗುತ್ತಿತ್ತು. ಆ ಅರವತ್ತೊಂದರಲ್ಲಿ ಒಂದು ಚೆಂಡನ್ನೂ ಅವನು ನೋಡಿರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಬಡಿಸಿರಲಿಲ್ಲ. ಕಣ್ಣು ಮುಚ್ಚಿ ಬೀಸಿದ್ದ, ತಗುಲಿತ್ತು. ಮುಂದಿನ ಪಂದ್ಯದ ಹೊತ್ತಿಗೆ ಅವನ ಮಂಡಿ ಕೆಟ್ಟಿತು. ಆಸ್ಪತ್ರೆಯಲ್ಲಿ ಏನೂ ಸಿಗಲಿಲ್ಲ. ಸಿಗದಿದ್ದುದರಿಂದಲೇ ವಾಸಿಯಾಗಲಿಲ್ಲ. ಆಟದ ಕೋಟಾದಲ್ಲಿ ಬ್ಯಾಂಕಿನ ಕೆಲಸ ಬಂತು. ಬಿ.ಎಸ್ಸಿ. ಓದಿದವನು ಇಪ್ಪತ್ತು ವರ್ಷ ಆ ಬ್ಯಾಂಕಿನ ಮೆಟ್ಟಿಲನ್ನು ಕುಂಟಿಕೊಂಡೇ ಹತ್ತಿದ. ಈಚೆಗೆ ಕುಂಟುವುದು ಎಡವೋ ಬಲವೋ ಎಂದು ಅವನಿಗೇ ಮರೆತು, ಮೆಟ್ಟಿಲ ಬುಡದಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತಿತ್ತು.

*

ಸ್ಕೂಟರು ಯಡಿಯೂರು ಕೆರೆ ದಾಟಿತು. ಹಿಂದಿನ ದಿನ ಆಯುಧಪೂಜೆ. ಒಂದೊಂದು ಅಂಗಡಿಯ ಮುಂದೂ, ಒಂದೊಂದು ಗ್ಯಾರೇಜಿನ ಮುಂದೂ ಬೂದುಗುಂಬಳಕಾಯಿ ಒಡೆದಿದ್ದರು. ಒಳಗೆ ಸುರಿದಿದ್ದ ಕುಂಕುಮ ರಾತ್ರಿಯೆಲ್ಲ ನೆನೆದು ಬೀದಿಗೆ ಇಳಿದಿತ್ತು. ಬಿಳಿಯ ತಿರುಳು, ಕೆಂಪು ನೀರು, ಅಂಟಿಕೊಂಡ ಬೀಜ.

ಕತ್ರಿಗುಪ್ಪೆ ಮುಟ್ಟುವಷ್ಟರಲ್ಲಿ ಒಂದು ಸೈನ್ಯದ ತಲೆಗಳನ್ನು ದಾಟಿ ಬಂದ ಹಾಗಾಗಿತ್ತು. ಪ್ರತಿಯೊಂದನ್ನೂ ಸುತ್ತಿ ಹಾದ. ಹಿಂದಿನಿಂದ ಬಂದ ಆಟೋದವನು, "ಅಂಕಲ್, ರಂಗೋಲಿ ಬಿಡ್ತಾ ಇದೀರಾ?" ಎಂದು ಕೇಳಿ ಮುಂದೆ ಹೋದ.

ಎಡಗಿವಿಯ ಮೇಲಿನ ಹೊಲಿಗೆಯ ಕಲೆ ತುರಿಸುತ್ತಿತ್ತು. ಹೆಲ್ಮೆಟ್ಟಿನ ಒಳಗೆ ಬೆರಳು ಹೋಗುವಂತಿರಲಿಲ್ಲ.

ಹೊಸಕೆರೆಹಳ್ಳಿಯ ಆಚೆ ಬೈರಣ್ಣನ ಮೈದಾನ. ಅಪ್ಪನ ಕಾಲದ ಹೊಲದಲ್ಲಿ ಮುಕ್ಕಾಲು ಭಾಗ ಬಾಡಿಗೆ ಮನೆಗಳಾಗಿ, ಉಳಿದ ಕಾಲು ಭಾಗಕ್ಕೆ ಬಲೆ ಕಟ್ಟಿ ಬೈರಣ್ಣ ಕ್ರಿಕೆಟ್ ಅಕಾಡೆಮಿ ಮಾಡಿದ್ದ. ಗೇಟಿನ ಮೇಲೆ ಬಸ್ಸಿನಷ್ಟು ಉದ್ದದ ಬೋರ್ಡು. ಅದರಲ್ಲಿ ಸೇತುರಾಮನ ಮುಖ, ಪಕ್ಕದಲ್ಲಿ 'ಆಡಿದವರಿಂದಲೇ ಕಲಿಯಿರಿ'. ಮುಖವನ್ನು ಎಷ್ಟು ದೊಡ್ಡದು ಮಾಡಿದ್ದರೆಂದರೆ ಒಂದು ಮೂಗಿನ ಹೊಳ್ಳೆಯಲ್ಲಿ ಪಾರಿವಾಳ ಸಂಸಾರ ಹೂಡಬಹುದಿತ್ತು.

"ಬನ್ನಿ ಮೇಷ್ಟ್ರೇ, ಬನ್ನಿ." ಬೈರಣ್ಣ ರೇಷ್ಮೆ ಪಂಚೆ ಎತ್ತಿ ಕಟ್ಟಿದ್ದ. "ಈ ಸಲ ಜ್ವರ ಇಲ್ಲ ತಾನೆ?"

"ಇಲ್ಲ."

"ಹೋದ್ ವರ್ಷ ಜ್ವರ. ಅದ್ರ ಹಿಂದ್ಲ ವರ್ಷ ಮಂಡಿ. ಅದ್ರ ಹಿಂದೆ ನಿಮ್ಮತ್ತೆ ತಿಥಿ. ಈ ಸಲ ಯಾವ್ದೂ ಬರ್ದೇ ಇರ್ಲಿ ಅಂತ ಬನಶಂಕರಮ್ಮಂಗೆ ಹರಸ್ಕಂಡಿವ್ನಿ."

ಪೂಜೆಗಿಟ್ಟ ಸಾಮಾನನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ದಶಮಿಯ ಬೆಳಿಗ್ಗೆ ಗುರುವಿನ ಕೈಯಿಂದ ಶುರುವಾಗಬೇಕು. ಬೈರಣ್ಣನ ಅಪ್ಪ ನೇಗಿಲಿಗೆ ಹಾಗೆ ಮಾಡುತ್ತಿದ್ದ. ಬೈರಣ್ಣ ಅದನ್ನೇ ಬ್ಯಾಟಿಗೂ ಚೆಂಡಿಗೂ ತಂದಿದ್ದ. ಈ ವರ್ಷ ಹೊಸದಾಗಿ ಬಂದದ್ದು ಬೌಲಿಂಗ್ ಮೆಷಿನ್. ಮೂರು ಕಾಲಿನ ಮೇಲೆ, ಮುಂದೆ ಗುಂಡನೆಯ ಬಾಯಿ, ಬಾಯೊಳಗೆ ಗಿರ್ರನೆ ತಿರುಗುವ ಎರಡು ರಬ್ಬರು ಚಕ್ರ. ನಡುವೆ ಚೆಂಡು ಇಟ್ಟರೆ ಉಗುಳುತ್ತದೆ. ಅದಕ್ಕೆ ಅರಿಶಿನ, ಕುಂಕುಮ, ವಿಭೂತಿ, ಸೇವಂತಿಗೆ ಹಾರ. ಚಕ್ರಕ್ಕೂ ಬಿಡದೆ ಬಳಿದಿದ್ದರು. ಬಲಿಗೆ ಕಾದು ಕೂತ ಗ್ರಾಮದೇವತೆಯ ಹಾಗಿತ್ತು.

"ಈ ಜಾಗ ರಾಗಿ ಹೊಲ ಆಗಿತ್ತು ಮೇಷ್ಟ್ರೇ," ಎಂದ ಬೈರಣ್ಣ, ಪಿಚ್ಚಿನತ್ತ ಕೈ ಬೀಸಿ. "ತೆನೆ ಬಲಿತ್ಮೇಲೆ ಒಂದ್ ಗಾಳಿ ಬೀಸ್ತು ಅಂದ್ರೆ ಇಡೀ ಹೊಲ ಒಂದೇ ಕಡೀಕ್ ತಲೆ ಹಾಕೋದು. ನೋಡೋಕ್ ಎಲ್ಡ್ ಕಣ್ಣು ಸಾಲ್ತಿರ್ಲಿಲ್ಲ. ಈಗ ಮಕ್ಕಳ ಬೆಳೆ. ನೀವೇ ರೈತ್ರು."

ಬೆಳೆ ಬಲೆಯ ಪಕ್ಕದಲ್ಲಿ ಸಾಲಾಗಿ ನಿಂತಿತ್ತು. ಮೂವತ್ತು ಮಕ್ಕಳು, ಬಿಳಿಯ ಬಟ್ಟೆ, ಹಣೆಗೆ ಕುಂಕುಮ. ಅವರ ಹಿಂದೆ ಅಪ್ಪಂದಿರು, ಅಮ್ಮಂದಿರು, ಎತ್ತಿದ ಫೋನುಗಳು. ಸೇತುರಾಮ ಅವರನ್ನು ನೋಡದೆ ಹಾದುಹೋದ. ಒಂದು ಚೆಂಡು. ತಲೆಯನ್ನು ಒಂದೇ ಒಂದು ಚೆಂಡಿಗೆ ಇದ್ದಲ್ಲೇ ಇಟ್ಟುಕೊಂಡರೆ ಸಾಕು. ದಿನಕ್ಕೆ ಹದಿನಾರು ಗಂಟೆ ಅದು ಹೇಳಿದಲ್ಲೇ ಇರುತ್ತದೆ.

"ಸಾರ್." ಪ್ರಕೃತಿಯ ತಾಯಿ ಲತಾಮಣಿ ಅಡ್ಡ ಬಂದಳು. "ಒಂದ್ ಮಾತು. ನಮ್ಮೆಜಮಾನ್ರು ಎಲ್ಲೋ ಓದಿದ್ರಂತೆ. ಆಡಿದೋರೆಲ್ಲ ಒಳ್ಳೆ ಕೋಚ್ ಆಗಲ್ಲಾಂತ. ಹೌದಾ ಸಾರ್?"

ಈ ಪ್ರಶ್ನೆಗೆ ಅವನ ಬಾಯಲ್ಲಿ ಸದಾ ತಯಾರಿರುವ ಉತ್ತರವೊಂದಿತ್ತು. "ಈಜು ಬಾರದೋರ ಹತ್ರ ಈಜು ಕಲಿಸ್ತೀರಾ ಮೇಡಂ?"

"ನಾನೂ ಅದನ್ನೇ ಅಂದೆ." ಲತಾಮಣಿ ಅರಳಿದಳು. "ಭಾನುವಾರ ಸೆಲೆಕ್ಷನ್ ಮ್ಯಾಚು ನೋಡಿ, ದೊಡ್ಡ ಹುಡುಗೀರು ಸ್ಪೀಡಾಗಿ ಹಾಕ್ತಾರಂತೆ. ನಂಗೆ ಭಯ ಇಲ್ಲ. ನಮ್ಮ ಪ್ರಕೃತಿ ಅಡುಗೆಮನೇಲಿ ಸೌಟು ಹಿಡಿದ್ರೂ ನಿಮ್ಮ ಥರಾನೇ ನಿಂತ್ಕೋತಾಳೆ. ಥೇಟ್ ನೀವೇ ಸಾರ್. ಎಲ್ಲಾ ನೀವೇ."

ಎಲ್ಲಾ, ಎಂದು ಅವನಿಗೆ ಮತ್ತೆ ಕೇಳಿಸಿತು.

ಸಾಮಾನಿಡುವ ಶೆಡ್ಡಿನಲ್ಲಿ ಚೈತನ್ಯ ಪ್ಯಾಡು ತೆಗೆದಿಟ್ಟುಕೊಂಡು ಕಾಯುತ್ತಿದ್ದಳು.

"ನೋಡಿದ್ರಾ ಸಾರ್?"

"ನೆಟ್‌ವರ್ಕ್ ಇರ್ಲಿಲ್ಲ."

"ನೀಲಿ ಟಿಕ್ ಬಂದಿತ್ತು."

ಸೇತುರಾಮ ಕೂತು ಪ್ಯಾಡಿನ ಪಟ್ಟಿ ಬಿಗಿಯತೊಡಗಿದ.

"ಮೂವತ್ತು ಜನಕ್ಕೂ ಒಂದೇ ಅಭ್ಯಾಸ ಹೇಗ್ ಬರುತ್ತೆ ಸಾರ್? ಆಶ್ರಿತ್ ನನ್ ಬ್ಯಾಚ್‌ನಿಂದ ನಿಮ್ಮದಕ್ಕೆ ಬಂದ. ಬಂದಾಗ ಇರ್ಲಿಲ್ಲ. ಎರಡೇ ತಿಂಗಳು."

"ಸಣ್ಣ ಮಕ್ಕಳು. ಕತ್ತು ಗಟ್ಟಿ ಇರಲ್ಲ."

"ಬಾಲು ಬರೋಕ್ ಮುಂಚೇನೇ ತಲೆ ತೆಗೀತಾರೆ. ಕಣ್ಣು ಮುಚ್ತಾರೆ. ಇಲ್ಲಿ ನಾವು ಮೆತ್ತಗೆ ಎಸೀತೀವಿ, ಹೇಗೋ ಆಡ್ತಾರೆ. ಭಾನುವಾರ ಪ್ರಕೃತಿಗೆ ಬಾಲು ಕಾಣೋದೇ ಇಲ್ಲ ಸಾರ್. ಮುಖಕ್ಕೆ ಬರುತ್ತೆ."

ಪಟ್ಟಿ ಕೈಯಿಂದ ಜಾರಿತು. ಮತ್ತೆ ಹಿಡಿದ.

"ಚೆಂಡಿಲ್ದೆ ದಿನಾ ಬೆಳಿಗ್ಗೆ ಶ್ಯಾಡೋ ಮಾಡಿಸ್ತೀರಲ್ಲ. ಮುಂದೆ ನಿಂತು ತೋರಿಸೋದು ಯಾರು?"

"ನಾನು."

ಚೈತನ್ಯ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು; ಸಿಟ್ಟಾದರೂ ಬರುತ್ತಿತ್ತು.

ಅವನು ಕಲಿಸಿದ್ದೆಲ್ಲ ನೆನಪಿತ್ತು. ಹಿಡಿತ, ಪಾದ, ಮೊಣಕೈ. ನಾಲ್ಕು ವರ್ಷ ಗಂಟಲು ಹರಿಯುವಂತೆ ಹೇಳಿದ್ದ; ಮಕ್ಕಳು ಅರ್ಧ ಮರೆತಿದ್ದರು. ಇದೊಂದನ್ನು ಅವನು ಹೇಳಿರಲಿಲ್ಲ. ಹೆಂಡತಿಗೆ, ಡಾಕ್ಟರಿಗೆ, ದೇವರ ಮುಂದೆ ಒಬ್ಬನೇ ನಿಂತಾಗಲೂ ಹೇಳಿರಲಿಲ್ಲ. ಬಾಯಿ ಹೇಳಿದ್ದನ್ನು ಬಿಟ್ಟು ಮೈ ಹೇಳಿದ್ದನ್ನು ಮೂವತ್ತು ಮಕ್ಕಳು ಒಂದು ಅಕ್ಷರ ತಪ್ಪಿಲ್ಲದೆ ಬಾಯಿಪಾಠ ಮಾಡಿದ್ದರು.

"ಸಾರ್," ಎಂದಳು ಚೈತನ್ಯ, "ನಾನು ಆಡಿಲ್ಲ. ನಂಗೊತ್ತಿಲ್ಲ. ನೀವು ಒಂದ್ ಮಾತು ಹೇಳಿದ್ರೆ ಆ ಮಗೂನ ಭಾನುವಾರ ಆಡ್ಸಲ್ಲ. ಎರಡ್ ತಿಂಗಳಲ್ಲಿ ಬಿಡಿಸಬಹುದು. ಕಾರಣ ಹೇಳ್ಬೇಕು, ಅಷ್ಟೆ. ಅವರಮ್ಮ ನನ್ ಮಾತು ಕೇಳಲ್ಲ."

"ಆಮೇಲೆ ಮಾತಾಡೋಣ."

"ಎಡದ್ದನ್ನ ಬಲಕ್ಕೆ ಕಟ್ಟಿದೀರಿ ಸಾರ್. ಪ್ಯಾಡು."

*

ಕ್ರೀಸಿನಲ್ಲಿ ನಿಂತಾಗ ಮೈದಾನ ಒಮ್ಮೆಲೇ ಚಿಕ್ಕದಾಯಿತು. ಇಪ್ಪತ್ತೆರಡು ಗಜದಾಚೆ ಇರಬೇಕಾದ ಮೆಷಿನ್ನಿನ ಬಾಯಿ ಅವನ ಮೂಗಿನ ಮುಂದಿತ್ತು. ಹೆಲ್ಮೆಟ್ಟಿನ ಸರಳುಗಳ ನಡುವೆ ಬೈರಣ್ಣ, ಅವನ ಪಕ್ಕದಲ್ಲಿ ಚೈತನ್ಯ. ಬಲೆಗೆ ಬೆರಳು ಸಿಕ್ಕಿಸಿ ನಿಂತ ಮಕ್ಕಳು. ಅಂಗಿಯ ಒಳಗೆ ಬೆವರು ಕೆರೆ ಕೋಡಿ ಬಿದ್ದ ಹಾಗೆ ಇಳಿಯುತ್ತಿತ್ತು. ಎದೆ ಬಡಿತ ಯಡಿಯೂರಿಗೆ ಕೇಳಿಸಬೇಕು. ಪಕ್ಕದಲ್ಲಿ ನಿಂತವರಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

"ತಡೀರಿ," ಎಂದ ಬೈರಣ್ಣ. "ಗಾಡಿಗೆ ಪೂಜೆ ಮಾಡಿದ್ರೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತುಳಿಸ್ತೀವೋ ಇಲ್ವೋ?"

"ತುಳಿಸ್ತೀವಿ," ಎಂದರು ಯಾರೋ.

"ಇದಕ್ಕೂ ಚಕ್ರ ಐತೆ. ಕೆಳಗಿಲ್ಲ, ಬಾಯೊಳಗೈತೆ. ಅಲ್ಗೇ ಇಡ್ಬೇಕು." ಬೈರಣ್ಣ ಮಡಿಲಿನಿಂದ ನಿಂಬೆಹಣ್ಣು ತೆಗೆದು ಎಲ್ಲರಿಗೂ ತೋರಿಸಿದ. "ಮೊದಲ್ನೇ ಬಾಲು ಇದು. ದೃಷ್ಟಿ ಎಲ್ಲ ಇದ್ರ ಜೊತೆಗೆ ಹೊಂಟೋಗ್ಲಿ. ಮೇಷ್ಟ್ರೇ, ಹೊಡದ್ರೆ ಪಾನಕ, ಬಿಟ್ರೆ ಉಪ್ಪಿನಕಾಯಿ."

ಎಲ್ಲರೂ ನಕ್ಕರು. ಸೇತುರಾಮನೂ ನಕ್ಕ. ನಗೆ ನಿಜವಾಗಿತ್ತು. ನಿಂಬೆಹಣ್ಣು. ನಿಂಬೆಹಣ್ಣಿಗೆ ಯಾರಾದರೂ ತಲೆ ತಪ್ಪಿಸುತ್ತಾರೆಯೇ? ಬ್ಯಾಟನ್ನು ಎರಡು ಸಲ ನೆಲಕ್ಕೆ ಕುಟ್ಟಿದ. ಗಲ್ಲವನ್ನು ಭುಜಕ್ಕೆ ತಂದ.

ಚಕ್ರಗಳು ತಿರುಗತೊಡಗಿದವು. ಮೊದಲು ಜೇನುಹುಳುವಿನ ಸದ್ದು, ಆಮೇಲೆ ಕೀರಲು. ಬೈರಣ್ಣ ನಿಂಬೆಹಣ್ಣನ್ನು ತಲೆಯ ಮೇಲೆ ಎತ್ತಿ ತೋರಿಸಿ, ಮೆಷಿನ್ನಿನ ಹಿಂಬದಿಯಿಂದ ಒಳಗೆ ಬಿಟ್ಟ.

ಆಮೇಲೆ ಸೇತುರಾಮನಿಗೆ ಗೊತ್ತಿದ್ದುದು ಇಷ್ಟೇ: ಅವನು ನೆಲದ ಮೇಲೆ ಕೂತಿದ್ದ. ಬ್ಯಾಟು ಮುಖಕ್ಕೆ ಅಡ್ಡ ಇತ್ತು. ತಲೆ ಬಲಕ್ಕೆ, ಹಿಂದಕ್ಕೆ, ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗಿ ನಿಂತಿತ್ತು. ಬಾಯಿಂದ ಏನೋ ಸದ್ದು ಹೊರಟಿರಬೇಕು.

ಕಣ್ಣು ಬಿಟ್ಟ. ಪಿಚ್ಚಿನ ಮೇಲೆ ಏನೂ ಇರಲಿಲ್ಲ.

ನಿಂಬೆಹಣ್ಣು ಬಂದೇ ಇರಲಿಲ್ಲ. ಚಕ್ರಗಳ ನಡುವೆಯೇ ಅಪ್ಪಚ್ಚಿಯಾಗಿತ್ತು. ಬೈರಣ್ಣನ ಕಣ್ಣಿಗೆ ರಸ ಹಾರಿತ್ತು. ಅವನು ಪಂಚೆಯ ಚುಂಗಿನಿಂದ ಒರೆಸಿಕೊಳ್ಳುತ್ತಿದ್ದ.

ಈಗ ಗೊತ್ತಾಯಿತು, ಎಂದುಕೊಂಡ ಸೇತುರಾಮ. ಎಲ್ಲರಿಗೂ. ವಿಚಿತ್ರವೆಂದರೆ ಮೈಯೊಳಗೆ ಎಲ್ಲೋ ಒಂದು ಕಡೆ ಬಾಗಿಲು ತೆರೆದ ಹಾಗಾಯಿತು. ಎದ್ದು ನಿಂತು ಹೇಳಿಬಿಡಬಹುದು. ಹೇಳಿ ಮನೆಗೆ ಹೋಗಿ ಒಬ್ಬಟ್ಟು ತಿನ್ನಬಹುದು.

ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು.

"ಸಖತ್ತಾಗಿ ಮಾಡಿದ್ರಿ ಸಾರ್." ಒಬ್ಬ ಅಪ್ಪ ಹೊಟ್ಟೆ ಹಿಡಿದುಕೊಂಡಿದ್ದ. "ಏನ್ ಆ್ಯಕ್ಟಿಂಗು, ಗುರು. ನಿಂಬೆಹಣ್ಣಿಗೆ ಬೌನ್ಸರ್ ಥರ ಬಿದ್ರಲ್ಲ."

"ಮೇಷ್ಟ್ರು ತಮಾಷೆ ಮನುಷ್ಯ," ಎಂದ ಬೈರಣ್ಣ ಒಂದೇ ಕಣ್ಣಿನಲ್ಲಿ ನಗುತ್ತ. "ನಾನ್ ಅನ್ಕಂಡೇ ಇರ್ಲಿಲ್ಲ."

ಎಲ್ಲ ಫೋನುಗಳಲ್ಲೂ ಅದು ಬಂದಿತ್ತು. ಮತ್ತೆ ಮತ್ತೆ ಹಾಕಿ ನೋಡಿ ನಗುತ್ತಿದ್ದರು. ಬಾಗಿಲು ಮುಚ್ಚಿಕೊಂಡಿತು. ಸೇತುರಾಮ ಎದ್ದು, ಪ್ಯಾಂಟು ಕೊಡವಿ, ಸೊಂಟ ಬಗ್ಗಿಸಿ ನಾಟಕದವರ ಹಾಗೆ ನಮಸ್ಕಾರ ಮಾಡಿದ. ಮತ್ತೊಂದು ಚಪ್ಪಾಳೆ ಬಂತು.

ಚೈತನ್ಯ ನಗಲಿಲ್ಲ. ಮಕ್ಕಳೂ ನಗಲಿಲ್ಲ. ಮಕ್ಕಳು ಪಾಠ ನೋಡುವ ಹಾಗೆ ನೋಡುತ್ತಿದ್ದರು.

"ಎರಡ್ನೇದು ಮಕ್ಕಳ ಕೈಲಿ," ಎಂದ ಬೈರಣ್ಣ. "ಯಾರವ್ವಾ ನಮ್ಮ ಸೆಲೆಕ್ಷನ್ ಹುಡುಗಿ? ಬಾ ಪುಟ್ಟಿ."

ಪ್ರಕೃತಿ ಬಂದಳು. ಪ್ಯಾಡು ತೊಡೆಯವರೆಗೆ ಬಂದಿತ್ತು. ಹೆಲ್ಮೆಟ್ಟು ಒಂದು ಅಳತೆ ದೊಡ್ಡದು. ತಲೆ ಆಡಿಸಿದರೆ ತಾನೊಂದು ಕಡೆ ಆಡುತ್ತಿತ್ತು. ಲತಾಮಣಿ ಬಲೆಯಾಚೆಯಿಂದ ಫೋನು ಎತ್ತಿ, "ನಗು ಪುಟ್ಟ," ಎಂದಳು.

ಬೈರಣ್ಣ ತಟ್ಟೆಯಿಂದ ಹೊಸ ಚೆಂಡು ತೆಗೆದ. ಕೆಂಪು ಚರ್ಮದ ಚೆಂಡು, ಅದರ ಮೇಲೆ ಇನ್ನಷ್ಟು ಕೆಂಪಾಗಿ ಒದ್ದೆ ಕುಂಕುಮ.

"ಅಂಕಲ್, ಒಂದ್ ನಿಮಿಷ." ಚೈತನ್ಯ ಅಡ್ಡ ನಿಂತಳು. "ಚಕ್ರ ಎಲ್ಲಾ ನಿಂಬೆರಸ, ಕುಂಕುಮ. ಜಾರುತ್ತೆ. ಬಾಲು ಎಲ್ಲಿಗೆ ಹೋಗುತ್ತೋ ಗೊತ್ತಾಗಲ್ಲ, ಎಷ್ಟು ಎತ್ತರ ಬರುತ್ತೋ ಗೊತ್ತಾಗಲ್ಲ. ಒರೆಸ್ಬಿಡ್ತೀನಿ."

"ಪೂಜೆ ಮಾಡಿದ್ ಕುಂಕುಮ ಒರೆಸ್ತಾರಾ ತಾಯೀ, ದಶಮಿ ದಿವ್ಸ?"

"ಮಗೂಗ್ ಪೆಟ್ಟಾಗುತ್ತೆ."

"ನೀನ್ ಓದ್ದೋಳು. ನಿಂಗ್ ಪುಸ್ತಕದಲ್ಲಿ ಪೆಟ್ಟು ಕಾಣ್ತದೆ. ಆಡ್ದೋರ್ ಇಲ್ಲೇ ಅವ್ರಲ್ಲ, ಅವ್ರನ್ನೇ ಕೇಳಾನ." ಬೈರಣ್ಣ ತಿರುಗಿದ. "ಏನ್ ಮೇಷ್ಟ್ರೇ? ಬಿಡ್ಲಾ?"

ಎಲ್ಲರೂ ಸೇತುರಾಮನತ್ತ ನೋಡಿದರು. ಚೈತನ್ಯಳೂ ನೋಡಿದಳು. ಅವಳ ನೋಟದಲ್ಲಿ ಬೈಗುಳವಿರಲಿಲ್ಲ. ಕೈ ಮುಗಿದು ಕೇಳುವ ಹಾಗಿತ್ತು. ಹೇಳಬೇಕಾದದ್ದು ಒಂದೇ ಮಾತು. ಬೇಡ. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂಬುದರ ಹಿಂದೆ ಇಪ್ಪತ್ತೈದು ವರ್ಷ ನಿಂತಿತ್ತು, ಗೇಟಿನ ಬೋರ್ಡಿನಷ್ಟು ಉದ್ದಕ್ಕೆ.

ಪ್ರಕೃತಿ ಅವನ ಅಂಗಿಯ ತೋಳು ಎಳೆದಳು. ಹೆಲ್ಮೆಟ್ಟಿನ ಒಳಗಿಂದ ಅವಳ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು.

"ಸಾರ್, ನಿಮಗೆ ಆವಾಗ ನಿಜವಾಗ್ಲೂ ಭಯ ಆಯ್ತಲ್ವಾ?"

ಅವನು ಬಗ್ಗಿ ಅವಳ ಗಲ್ಲದ ಕೆಳಗಿನ ಪಟ್ಟಿ ಬಿಗಿಮಾಡಿದ. ಅವಳ ಕಣ್ಣು ನೋಡಲಿಲ್ಲ.

"ತಮಾಷೆ ಮಾಡಿದ್ದು ಪುಟ್ಟ. ಭಯ ಎಲ್ಲ ಏನೂ ಇಲ್ಲ. ಬಾಲ್ ನೋಡು, ಅಷ್ಟೆ."

"ನೋಡ್ತೀನಿ ಸಾರ್."

ಅವಳು ಹೋಗಿ ನಿಂತಳು. ಎಡಭುಜ ಮುಂದೆ, ಗಲ್ಲ ಭುಜದ ಮೇಲೆ. ಬ್ಯಾಟನ್ನು ಎರಡು ಸಲ ಕುಟ್ಟಿದಳು. ಸೇತುರಾಮ ಬಲೆಯಿಂದ ಹೊರಗೆ ಬಂದ. ಬರುವಾಗ ಕುಂಟುತ್ತಿದ್ದ. ಯಾವ ಕಾಲು ಎಂದು ಯೋಚಿಸಬೇಕಾಗಲಿಲ್ಲ, ಎರಡೂ ನಡುಗುತ್ತಿದ್ದವು.

ಚಕ್ರಗಳು ಕಿರುಚಿದವು. ರಬ್ಬರಿನಿಂದ ಕೆಂಪು ಹನಿಗಳು ಸಿಡಿದು ಮೆಷಿನ್ನಿನ ಮುಂದಿನ ನೆಲ ಚುಕ್ಕೆ ಚುಕ್ಕೆಯಾಯಿತು. ಚೈತನ್ಯ, "ಸಾರ್," ಎಂದಳು. ಇನ್ನೊಮ್ಮೆ, ಮೆಲ್ಲಗೆ, "ಸಾರ್."

ಬೈರಣ್ಣ ಚೆಂಡನ್ನು ತಲೆಯ ಮೇಲೆ ಎತ್ತಿ ತೋರಿಸಿದ.

ಸೇತುರಾಮನ ಕೈ ಮೇಲೆದ್ದಿತು. ತಡೆಯಲು ಎದ್ದಿತೋ, ಮುಖ ಮುಚ್ಚಿಕೊಳ್ಳಲು ಎದ್ದಿತೋ ಅವನಿಗೆ ಗೊತ್ತಾಗಲಿಲ್ಲ. ಭುಜದವರೆಗೆ ಬಂದು ಅಲ್ಲೇ ನಿಂತಿತು.

"ಆಯ್ತು ಮೇಷ್ಟ್ರೇ, ಬಿಡ್ತೀನಿ," ಎಂದ ಬೈರಣ್ಣ.

ಆಗ ಬಲೆಯ ಉದ್ದಕ್ಕೂ ನಿಂತಿದ್ದ ಇಪ್ಪತ್ತೊಂಬತ್ತು ತಲೆಗಳು, ಬಲಿತ ರಾಗಿ ತೆನೆಗಳ ಹಾಗೆ, ಒಟ್ಟಿಗೆ ಬಲಕ್ಕೆ ಓರೆಯಾಗಿ ಹಿಂದಕ್ಕೆ ಬಾಗಿದವು. ಇಪ್ಪತ್ತೊಂಬತ್ತು ಜೊತೆ ರೆಪ್ಪೆ ಮುಚ್ಚಿದವು. ಕ್ರೀಸಿನಲ್ಲಿ, ಒಂದು ಅಳತೆ ದೊಡ್ಡದಾದ ಹೆಲ್ಮೆಟ್ಟೂ ಮೆಲ್ಲಗೆ ಅದೇ ಕಡೆ ವಾಲಿತು.

ಚೆಂಡು ಇನ್ನೂ ಬೈರಣ್ಣನ ಕೈಯಲ್ಲೇ ಇತ್ತು. ಗೇಟಿಗೆ ಕಟ್ಟಿದ್ದ ಬಾಳೆಯ ಎಲೆ ಕೂಡ ಅಲ್ಲಾಡುತ್ತಿರಲಿಲ್ಲ.